ಬೆದೆ ಆರುವ ಮೊದಲು ರಾಗಿ ನೆನೆಸಿ

ಜುಲೈ ಬಂತೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು. ಬೆದೆ ಆಯ್ತಾ? ಅಂದರೆ, ಬಿತ್ತುವಷ್ಟು ಹದವಾದ ತೇವ ಮಣ್ಣಿಗೆ ಬಂತಾ ಅಂತ. ಬಾಣಾವರ, ಜಾವಗಲ್, ಕಡೂರು, ಯಗಟಿ, ಎಲ್ಲಿ ಟೀ ಅಂಗಡಿ ಮುಂದೆ ನಿಂತರೂ ಇದೇ ಪ್ರಶ್ನೆ. ಮಳೆ ಎಷ್ಟು ಬಂತು ಅನ್ನುವುದಕ್ಕಿಂತ ಬೆದೆ ಎಷ್ಟು ದಿನ ನಿಲ್ಲುತ್ತದೆ ಅನ್ನುವುದೇ ರಾಗಿ ಬಿತ್ತುವವರ ಚಿಂತೆ. ನಮ್ಮದು ಕೆಂಪು ಮಣ್ಣು, ಅದರಲ್ಲೂ ಮರಳು ಜಾಸ್ತಿ. ಹದ ಮಳೆ ಬಿದ್ದ ಮೇಲೆ ಎರಡು ದಿನ ಬಿಸಿಲು ಕಾದು, ಜೊತೆಗೆ ಆಷಾಢದ ಗಾಳಿಯೂ ಬೀಸಿತು ಅಂದರೆ ಮೇಲಿನ ಎರಡು ಬೆರಳಷ್ಟು ಮಣ್ಣು ಒಣಗಿ ಹುಡಿಯಾಗಿರುತ್ತದೆ. ರಾಗಿ ಕಾಳು ಕೂರುವುದು ಅದೇ ಎರಡು ಬೆರಳಿನೊಳಗೆ. ಆಳಕ್ಕೆ ಹಾಕೋಣ ಅಂದರೆ ಅಲ್ಲಿಂದ ಮೇಲೆ ಬರುವ ಶಕ್ತಿ ಅದಕ್ಕಿಲ್ಲ. ಸಾವಿರ ಕಾಳು ತೂಗಿದರೆ ಸುಮಾರು 3 ಗ್ರಾಂ, ಅಷ್ಟು ಸಣ್ಣದು.

ಮೂಡಿಗೆರೆಗೆ ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕಡೂರಿಗೆ ಅದರ ಮೂರನೇ ಒಂದು ಭಾಗವೂ ಇಲ್ಲ. ಎರಡೂ ಒಂದೇ ಚಿಕ್ಕಮಗಳೂರು ಜಿಲ್ಲೆ ಸ್ವಾಮಿ! ಬಾಬಾಬುಡನ್‌ಗಿರಿ ಸಾಲು ಮುಂಗಾರಿನ ಮೋಡವನ್ನೆಲ್ಲ ಆ ಕಡೆಗೇ ಇಳಿಸಿಕೊಂಡು ಈ ಕಡೆಗೆ ಗಾಳಿ ಮಾತ್ರ ಕಳಿಸುತ್ತದೆ. ಅರಸೀಕೆರೆಯ ಕಥೆಯೂ ಹೆಚ್ಚುಕಡಿಮೆ ಇದೇ. ನಮಗೆ ಒಳ್ಳೆ ಮಳೆ ಅಂದರೆ ಮೇ ತಿಂಗಳಲ್ಲೊಂದು ಸುತ್ತು, ಆಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು. ನಡುವೆ, ರಾಗಿ ಬಿತ್ತುವ ಕಾಲದಲ್ಲಿ, ಬರೀ ಜಿಟಿಜಿಟಿ ಮತ್ತು ಗಾಳಿ. "ಆರಿದ್ರಾ ಮಳೆ ಆರದೆ ಹುಯ್ಯುತ್ತೆ" ಅನ್ನುವ ಗಾದೆ ಕಟ್ಟಿದವರು ಕಡೂರಿನವರಂತೂ ಇರಲಿಕ್ಕಿಲ್ಲ.

ಅದಕ್ಕೇ ಬೀಜ ನೆನೆಸಿ ಬಿತ್ತುವ ವಿಷಯ ಬರೆಯೋಣ ಅನ್ನಿಸಿತು. ತರಬೇತಿಗಳಲ್ಲಿ ಸೀಡ್ ಪ್ರೈಮಿಂಗ್ ಅಂತ ಹೇಳುವುದನ್ನು ಕೇಳಿರುತ್ತೀರಿ. ಕೇಳಿ ಮರೆತಿರುತ್ತೀರಿ ಕೂಡ. ಇದಕ್ಕೆ ಬೇಕಾಗಿರುವುದು ಒಂದು ಬಕೆಟ್, ನೀರು, ಒಂದು ಹಳೇ ಪಂಚೆ. ಇದರಲ್ಲಿ ಯಾರಿಗೂ ದುಡ್ಡು ಹುಟ್ಟುವುದಿಲ್ಲ. ಕೃಷಿಮೇಳದಲ್ಲಿ ಡ್ರೋನ್ ಮುಂದೆ ಜನ ಸಾಲು ನಿಲ್ಲುತ್ತಾರೆ, ಬಕೆಟ್ ನೀರಿಗೆ ಯಾರು ಮಳಿಗೆ ಹಾಕುತ್ತಾರೆ ಹೇಳಿ?

ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ಸುಲಭ. ಒಣ ಬೀಜ ಮಣ್ಣಿಗೆ ಬಿದ್ದ ಕೂಡಲೇ ಮಾಡುವ ಮೊದಲ ಕೆಲಸ ನೀರು ಕುಡಿಯುವುದು. ಮಣ್ಣಲ್ಲಿ ತೇವ ಧಾರಾಳವಾಗಿದ್ದರೆ ಇದು ಬೇಗ ಮುಗಿಯುತ್ತದೆ. ಆರುತ್ತಿರುವ ಮಣ್ಣಲ್ಲಿ ಹಾಗಲ್ಲ, ಮಣ್ಣಿನ ಕಣ ಗಟ್ಟಿಯಾಗಿ ಹಿಡಿದುಕೊಂಡಿರುವ ನೀರನ್ನು ಕಾಳು ಎಳೆದೆಳೆದು ತೆಗೆದುಕೊಳ್ಳಬೇಕು, ಅದು ಎಳೆಯುತ್ತಿರುವಾಗಲೇ ಮೇಲಿಂದ ಬಿಸಿಲೂ ಅದೇ ನೀರನ್ನು ಎಳೆಯುತ್ತಿರುತ್ತದೆ. ನೀರು ಕುಡಿದ ಮೇಲೆ ಎರಡನೇ ಹಂತ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಮಾತ್ರ ಜೋರು ಕೆಲಸ. ಕಿಣ್ವಗಳು ಎಚ್ಚರವಾಗುತ್ತವೆ, ಕೂಡಿಟ್ಟ ಹಿಟ್ಟು ಸಕ್ಕರೆಯಾಗಲು ಶುರುವಾಗುತ್ತದೆ, ಹಳೇ ಬೀಜದಲ್ಲಿ ಹಾಳಾಗಿದ್ದ ಭಾಗಗಳು ಒಂದಿಷ್ಟು ರಿಪೇರಿಯಾಗುತ್ತವೆ. ಮೂರನೆಯದು ಬೇರು ಹೊರಗೆ ಬರುವುದು. ಈ ಮೊದಲ ಎರಡು ಹಂತವನ್ನು ಮಣ್ಣಿನ ಬದಲು ಬಕೆಟ್‌ನಲ್ಲಿ ಮುಗಿಸಿ, ಮೂರನೆಯದಕ್ಕೆ ಮಾತ್ರ ಹೊಲಕ್ಕೆ ಕಳಿಸುವುದು. ಇಷ್ಟೇ ಇದರ ಗುಟ್ಟು.

ಬೇರು ಹೊರಗೆ ಬರುವ ತನಕ ಬೀಜವನ್ನು ತಿರುಗಿ ಒಣಗಿಸಿದರೂ ಅದು ಬದುಕಿರುತ್ತದೆ. ಬೇರು ಚಾಚಿದ ಮೇಲೆ ಒಣಗಿಸಿದಿರೋ, ಸತ್ತ ಹಾಗೆಯೇ. ಎಲ್ಲಾ ಎಚ್ಚರಿಕೆಯೂ ಈ ಒಂದು ಗೆರೆಯ ಸುತ್ತಲೇ ಇದೆ.

ನಮ್ಮ ಹೆಂಗಸರಿಗೆ ಇದು ಹೊಸದೇನಲ್ಲ. ಮಗುವಿಗೆ ತಿನ್ನಿಸುವ ಸರಿ ಹಿಟ್ಟು ಮಾಡಲು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸುವುದು ಎಲ್ಲರ ಮನೆಯಲ್ಲೂ ಉಂಟು. ಎಷ್ಟು ಹೊತ್ತಿಗೆ ಮೊಳಕೆ ಮೂಗು ತೋರಿಸುತ್ತದೆ ಅನ್ನುವುದು ಅವರಿಗೆ ಬೆರಳ ತುದಿಯಲ್ಲಿ ಗೊತ್ತು. ಬಿತ್ತನೆ ರಾಗಿಯನ್ನು ನೆನೆಹಾಕಿದ್ದು ನೋಡಿ ನಮ್ಮ ದೊಡ್ಡಮ್ಮ "ಏನ್ಲಾ, ಬಿತ್ನೆ ರಾಗೀನೂ ಸರಿಗಾಕ್ಬುಟ್ಟಾ?" ಅಂತ ನಕ್ಕಿದ್ದರು. ನಗಲಿ. ಸಕಲೇಶಪುರ, ಮೂಡಿಗೆರೆ ಕಡೆಯವರು ಭತ್ತ ನೆನೆಸಿ ಗೋಣಿಚೀಲದಲ್ಲಿ ಕಟ್ಟಿ ಮೊಳಕೆ ಬರಿಸಿಯೇ ಸಸಿಮಡಿಗೆ ಚೆಲ್ಲುತ್ತಾರೆ, ಅದನ್ನು ನೋಡಿ ಯಾರೂ ನಗುವುದಿಲ್ಲ. ವ್ಯತ್ಯಾಸ ಒಂದೇ. ಅಲ್ಲಿ ಮೊಳಕೆ ಕೆಸರಿಗೆ ಬೀಳುತ್ತದೆ, ನೀರಿಗೆ ಬರವಿಲ್ಲ. ನಮ್ಮ ಹೊಲದಲ್ಲಿ ಮೊಳಕೆ ಬಂದ ರಾಗಿ ಚೆಲ್ಲಿದರೆ ಮಧ್ಯಾಹ್ನದ ಬಿಸಿಲಿಗೆ ಅದರ ಕಥೆ ಮುಗಿಯುತ್ತದೆ. ಅದಕ್ಕೇ ನಾವು ಮೊಳಕೆಗೆ ಮುಂಚೆ ನಿಲ್ಲಿಸಬೇಕು.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಡೇವಿಡ್ ಹ್ಯಾರಿಸ್ ಮತ್ತು ಅವರ ಜೊತೆಗಾರರ ಹೆಸರು ಮುಖ್ಯ. 1990ರ ದಶಕದಲ್ಲಿ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶದ ಮಳೆಯಾಶ್ರಿತ ಹಳ್ಳಿಗಳಲ್ಲಿ ರೈತರ ಹೊಲದಲ್ಲೇ, ರೈತರ ಕೈಯಲ್ಲೇ ಪ್ರಯೋಗ ಮಾಡಿಸಿ 1999ರಲ್ಲಿ ಪ್ರಕಟಿಸಿದರು. ರಾತ್ರಿ ನೆನೆಸು, ಬೆಳಿಗ್ಗೆ ಮೇಲಿನ ನೀರು ಆರಿಸು, ಅವತ್ತೇ ಬಿತ್ತು. ಇಷ್ಟೇ ವಿಧಾನ. ಪ್ರತಿ ಬೆಳೆಗೂ ಒಂದು ಸುರಕ್ಷಿತ ಅವಧಿ ಗುರುತಿಸಿದರು. ಅದಕ್ಕಿಂತ ಜಾಸ್ತಿ ಹೊತ್ತು ನೆನೆದರೆ, ನೀರಿಂದ ಹೊರಗೆ ತೆಗೆದ ಮೇಲೂ ಬೀಜ ತಾನಾಗಿ ಮೊಳೆಯುತ್ತಾ ಹೋಗುತ್ತದೆ. ಅದರೊಳಗೆ ತೆಗೆದರೆ ಮಣ್ಣಿನ ತೇವ ಸಿಗುವ ತನಕ ಸುಮ್ನೆ ಕಾಯುತ್ತದೆ. ಮೆಕ್ಕೆಜೋಳಕ್ಕೂ ಭತ್ತಕ್ಕೂ ಅವರು ಹೇಳಿದ ಮಿತಿ 24 ಗಂಟೆ, ಕಡಲೆಗೆ 10. ರಾಗಿಗೆ 8 ಗಂಟೆ ಆಸುಪಾಸು ಇಟ್ಟುಕೊಂಡರೆ ಸರಿ. ಆ ರೈತರು ಕಂಡಿದ್ದು ಏನು? ಬೇಗ ಹುಟ್ಟುತ್ತದೆ, ಒಂದೇ ಸಮ ಹುಟ್ಟುತ್ತದೆ, ಬೇಗ ಹೂ ಬಿಡುತ್ತದೆ, ಇಳುವರಿಯೂ ವಾಸಿ. ನನಗೆ ಇದರಲ್ಲಿ ಹಿಡಿಸಿದ್ದು ರೈತರೇ ನೆನೆಸಿದ್ದು, ರೈತರೇ ನೋಡಿ ಹೇಳಿದ್ದು ಅನ್ನುವುದು. ಫಾರಂ ಒಳಗೆ ಬೇಲಿ ಹಾಕಿಕೊಂಡು ಬೆಳೆದ ಬೆಳೆಯ ಲೆಕ್ಕ ನಮ್ಮ ಹೊಲಕ್ಕೆ ಎಷ್ಟೋ ಸಲ ಕೂಡಿಬರುವುದಿಲ್ಲ.

ಗಂಟೆಯ ಲೆಕ್ಕವನ್ನು ಸುಮ್ನೆ ನಂಬಬೇಡಿ. ನಿಮ್ಮ ಬೀಜ ಬೇರೆ, ನಿಮ್ಮ ನೀರಿನ ಬಿಸಿ ಬೇರೆ. ಬಿತ್ತನೆಗೆ ಒಂದು ವಾರ ಮುಂಚೆ ಅಡುಗೆಮನೆಯಲ್ಲೇ ನೋಡಿಬಿಡಬಹುದು. ನಾಲ್ಕು ಲೋಟ ತೆಗೆದುಕೊಳ್ಳಿ. ಒಂದೊಂದಕ್ಕೂ ಒಂದು ಚಿಟಿಕೆ ಬಿತ್ತನೆ ರಾಗಿ, ಮೇಲೆ ನೀರು. ಮೊದಲ ಲೋಟದ್ದು 4 ಗಂಟೆಗೆ, ಆಮೇಲೆ 6ಕ್ಕೆ, 8ಕ್ಕೆ, 10ಕ್ಕೆ ಬಸಿದು ಬೇರೆ ಬೇರೆ ಒಣ ಬಟ್ಟೆ ಮೇಲೆ ಹರಡಿ. ನೀರು ಹಾಕಬೇಡಿ. ಮಾರನೇ ದಿನ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ರಾಗಿ ಕಾಳಿನ ಒಂದು ತುದಿಯಲ್ಲಿ ಸಣ್ಣ ತಗ್ಗು ಇರುತ್ತದೆ, ಭ್ರೂಣ ಇರುವುದು ಅಲ್ಲೇ. ಆ ಜಾಗ ಸ್ವಲ್ಪ ಉಬ್ಬಿ, ಸಿಪ್ಪೆ ಬಿಗಿಯಾಗಿದ್ದರೆ ಒಳ್ಳೇದು. ಅಲ್ಲಿ ಸಿಪ್ಪೆ ಸೀಳಿ ಸೂಜಿಮೊನೆಯಷ್ಟು ಬಿಳಿ ಕಂಡರೆ ಆ ಲೋಟದ ಗಂಟೆ ನಿಮಗೆ ಜಾಸ್ತಿ ಆಯಿತು ಅಂತ ಅರ್ಥ. ಅದಕ್ಕಿಂತ ಹಿಂದಿನ ಲೋಟದ ಗಂಟೆಯೇ ನಿಮ್ಮದು. ಕನ್ನಡಕ ಬೇಕಾಗುತ್ತದೆ, ಅಥವಾ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರನ್ನೇ ಕೂರಿಸಿ. ಅವರಿಗೆ ಖುಷಿಯ ಕೆಲಸ.

ಜೊತೆಗೆ ಒಂದಿಷ್ಟು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೀಜ ಎಷ್ಟು ಮೊಳೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಮೊಳೆಯದ ಬೀಜಕ್ಕೆ ನೆನೆಸುವುದು ಮದ್ದಲ್ಲ. ನೂರಕ್ಕೆ ಅರವತ್ತು ಮಾತ್ರ ಮೊಳೆಯುತ್ತದೆ ಅಂದರೆ ಬೀಜವನ್ನೇ ಬದಲಾಯಿಸಬೇಕು.

ನಾವು ಮಾಡುವುದು ಹೀಗೆ. ಕೂರಿಗೆಯಲ್ಲಿ, ಅಂದರೆ ಕೊಳವೆಗಳಿಂದ ಸಾಲಾಗಿ ಬೀಜ ಇಳಿಸುವ ಸಾಧನದಲ್ಲಿ, ಬಿತ್ತಲು ಎಕರೆಗೆ 4 ಕೆಜಿ ಬೀಜ ಅಂತ ಶಿಫಾರಸು. ನಮ್ಮವರು ಕೈಯಲ್ಲಿ ಎರಚುವಾಗ ಅದಕ್ಕಿಂತ ಎಷ್ಟೋ ಜಾಸ್ತಿ ಚೆಲ್ಲುತ್ತಾರೆ. ಬೀಜವನ್ನು ಮೊದಲು ಬಕೆಟ್ ನೀರಿಗೆ ಹಾಕಿ ಕೈಯಾಡಿಸಿದರೆ ಜೊಳ್ಳು, ಕಡ್ಡಿ, ಹೊಟ್ಟು ಎಲ್ಲ ಮೇಲೆ ತೇಲುತ್ತದೆ, ಅದನ್ನು ಬಗ್ಗಿಸಿ ಚೆಲ್ಲುವುದು. ತೇಲಿದ್ದನ್ನು ನೋಡಿದರೇ ಹೊಟ್ಟೆ ಉರಿಯುತ್ತದೆ, ಇದನ್ನೂ ಬೀಜ ಅಂತಲೇ ಬಿತ್ತುತ್ತಿದ್ದೆವಲ್ಲ ಅಂತ. ಆಮೇಲೆ ತಳದ ಕಾಳನ್ನು ಸಡಿಲವಾಗಿ ಬಟ್ಟೆಯಲ್ಲಿ ಕಟ್ಟಿ, ಹೊಸ ನೀರಲ್ಲಿ ಮುಳುಗಿಸಿ ಇಡುವುದು. ಬಟ್ಟೆ ಬಿಗಿ ಕಟ್ಟಿದರೆ ಗಂಟಿನ ನಡುವಿನ ಕಾಳಿಗೆ ನೀರು ಸರಿಯಾಗಿ ಸೇರುವುದಿಲ್ಲ. ರಾತ್ರಿ ಊಟ ಆದ ಮೇಲೆ ಹಾಕಿದರೆ ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ತೆಗೆಯಬಹುದು. ನಮ್ಮನೆಯಲ್ಲಿ ಇದು ಅತ್ತಿಗೆಯ ಉಸ್ತುವಾರಿ. ನಾನು ಹಾಸನದಲ್ಲಿ ಕೆಲಸಕ್ಕಿರುವವನು, ಶನಿವಾರ ಸಂಜೆಗೆ ಊರು ಸೇರುವವನು. ಮಳೆ ನನ್ನ ರಜೆ ನೋಡಿಕೊಂಡು ಬರುವುದಿಲ್ಲ.

ಬೆಳಿಗ್ಗೆ ಬಸಿದು ನೆರಳಲ್ಲಿ, ಜಗಲಿ ಮೇಲೆ, ಒಣ ಪಂಚೆ ಹಾಸಿ ತೆಳ್ಳಗೆ ಹರಡಬೇಕು. ಒಂದೆರಡು ಗಂಟೆ ಸಾಕು. ಅಂಗೈಗೆ ತೆಗೆದುಕೊಂಡು ಮುಷ್ಟಿ ಬಿಟ್ಟಾಗ ಕಾಳು ಬೆರಳಿಗೆ ಅಂಟದೆ ಉದುರಬೇಕು. ಇಲ್ಲಿ ಅವಸರ ಮಾಡಿದರೆ ಹೊಲದಲ್ಲಿ ಅನುಭವಿಸಬೇಕಾಗುತ್ತದೆ. ಒದ್ದೆ ರಾಗಿ ಕೂರಿಗೆ ಬಟ್ಟಲಲ್ಲಿ ಗುಂಪುಗಟ್ಟಿ ಕೂರುತ್ತದೆ, ಒಂದು ಕೊಳವೆಗೆ ಹಿಡಿ ಹಿಡಿ ಇಳಿದರೆ ಇನ್ನೊಂದಕ್ಕೆ ಇಳಿಯುವುದೇ ಇಲ್ಲ, ಹಿಂದೆ ನಡೆಯುವವರಿಗೆ ಅದು ಗೊತ್ತೂ ಆಗುವುದಿಲ್ಲ, ವಾರ ಕಳೆದು ಸಾಲು ಸಾಲೇ ಬೋಳಾಗಿ ಕಂಡಾಗ ಗೊತ್ತಾಗುತ್ತದೆ. ಹಾಗಾಗಿ ಕಾಳಿನ ಜೊತೆ ಜರಡಿ ಹಿಡಿದ ಒಣ ಮರಳೋ, ಕೊಟ್ಟಿಗೆ ಗೊಬ್ಬರದ ಪುಡಿಯೋ ಸೇರಿಸಿಕೊಳ್ಳುವುದು ವಾಸಿ. ಗೊಬ್ಬರದ ಜೊತೆ ರಾಗಿ ಕಲಸಿ ಬಿತ್ತುವ ಪದ್ಧತಿ ನಮ್ಮ ಹಿರಿಯರಲ್ಲಿ ಇದ್ದೇ ಇತ್ತು, ಹಾಗಾಗಿ ದೊಡ್ಡಪ್ಪನಂಥವರು ಇದಕ್ಕೆ ತಕರಾರು ತೆಗೆಯುವುದಿಲ್ಲ. ಟ್ರ್ಯಾಕ್ಟರ್ ಕೂರಿಗೆ ಆದರೆ ಇನ್ನೊಂದು ವಿಷಯ ನೆನಪಿರಲಿ. ನೆನೆದ ಕಾಳು ಉಬ್ಬಿರುತ್ತದೆ, ಒಣ ಬೀಜಕ್ಕೆ ಇಟ್ಟ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಬೀಜ ಕಮ್ಮಿ ಬೀಳುತ್ತದೆ. ಗಟ್ಟಿ ನೆಲದ ಮೇಲೆ ನಾಲ್ಕು ಮಾರು ಓಡಿಸಿ ಬಿದ್ದ ಕಾಳು ನೋಡಿಕೊಂಡು ಹೊಲಕ್ಕಿಳಿಸಿ ಅಂತ ಡ್ರೈವರ್‌ಗೆ ಹೇಳಿ. ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿರುತ್ತದೆ, ಅವರು ಬೇಡ ಅನ್ನುವುದಿಲ್ಲ.

ಬೀಜೋಪಚಾರ ಬಿಡುವ ಹಾಗಿಲ್ಲ. ನೆನೆಸಿದ ಮಾತ್ರಕ್ಕೆ ಶಿಲೀಂಧ್ರದಿಂದ ಬರುವ ಬೆಂಕಿ ರೋಗ ಹೋಗುವುದಿಲ್ಲ. ಕಾಳಿನ ಮೇಲಿನ ನೀರು ಆರಿದ ಮೇಲೆ ಶಿಲೀಂಧ್ರನಾಶಕ ಹಾಕಬಹುದು. ಅಜೋಸ್ಪಿರಿಲಂ ಥರದ ಜೈವಿಕ ಗೊಬ್ಬರ ಹಾಕುವವರು ಅದನ್ನು ಕಟ್ಟಕಡೆಗೆ, ಬಿತ್ತುವ ಸ್ವಲ್ಪ ಮುಂಚೆ ಹಾಕಬೇಕು. ಮೊದಲು ಅದನ್ನು ಹಾಕಿ ಆಮೇಲೆ ನೆನೆಸಿದರೆ ಎಲ್ಲ ನೀರಿನ ಜೊತೆ ಚರಂಡಿಗೆ.

ಇನ್ನೊಂದು ವಿಧಾನವೂ ಇದೆ, ರಾಗಿ ಬೇಸಾಯದ ಶಿಫಾರಸುಗಳಲ್ಲೇ ಇರುವಂಥದ್ದು. ಒಂದು ಕೆಜಿ ಬೀಜಕ್ಕೆ ಒಂದು ಲೀಟರ್ ನೀರು, 6 ಗಂಟೆ ನೆನೆಸುವುದು. ನೀರು ಬಸಿದು, ಒದ್ದೆ ಬಟ್ಟೆಯ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡುವುದು. ಮೊಳಕೆಯ ಮೊದಲ ಗುರುತು ಕಾಣುತ್ತಿದ್ದ ಹಾಗೆ ಬಿಚ್ಚಿ, ನೆರಳಲ್ಲಿ ಒಣ ಬಟ್ಟೆ ಮೇಲೆ ಇನ್ನೆರಡು ದಿನ ಒಣಗಿಸಿ ಬಿತ್ತುವುದು. ಇಲ್ಲಿ ನನ್ನದೊಂದು ಮಾತು. ಎರಡು ದಿನ ಅಂತ ಹೇಳಿದ್ದಾರೆಂದು ಕ್ಯಾಲೆಂಡರ್ ನೋಡಿಕೊಂಡು ಕೂರಬೇಡಿ, ಗಂಟು ಬಿಚ್ಚಿ ಕಾಳು ನೋಡುತ್ತಾ ಇರಿ. ಸೆಕೆ ಇದ್ದರೆ ಬೇಗ ಆಗುತ್ತದೆ. ಬಿಳಿ ಚುಕ್ಕೆ ಸರಿ, ಬಿಳಿ ಬಾಲ ಬಂತೋ ಮುಗಿಯಿತು. ಈ ಬೀಜ ಒಣಗಿರುವುದರಿಂದ ಕೂರಿಗೆಯಲ್ಲಿ ಚೆನ್ನಾಗಿ ಇಳಿಯುತ್ತದೆ, ಮಳೆ ನಾಲ್ಕು ದಿನ ಆಚೀಚೆ ಆದರೂ ಕಾಯುತ್ತದೆ. ವಾರಕ್ಕೊಮ್ಮೆ ಊರಿಗೆ ಹೋಗುವ ನನ್ನಂಥವರಿಗೆ ಇದೇ ಅನುಕೂಲ. ಮಳೆ ಬಿದ್ದ ದಿನವೇ ನೆನೆಸಿ ಮರುದಿನ ಬಿತ್ತಬಲ್ಲವರಿಗೆ ಮೊದಲಿನದು ಸುಲಭ.

ಈಗ, ಯಾವಾಗ ನೆನೆಸಬಾರದು? ಇದನ್ನು ತರಬೇತಿಯಲ್ಲಿ ಹೇಳುವವರು ಕಮ್ಮಿ. ಮಳೆ ಬರುತ್ತದೆ ಅಂತ ನಂಬಿ ಒಣ ಮಣ್ಣಿಗೇ ಬಿತ್ತುವವರು ನೆನೆಸಿದ ಹಸಿ ಬೀಜ ಹಾಕಬಾರದು. ಒಣ ಬೀಜ ಒಣ ಮಣ್ಣಲ್ಲಿ ವಾರಗಟ್ಟಲೆ ಮಲಗಿರಬಲ್ಲದು, ಇರುವೆ ಹೊತ್ತುಕೊಂಡು ಹೋಗದಿದ್ದರೆ. ನೆನೆದ ಬೀಜಕ್ಕೆ ಆ ತಾಳ್ಮೆ ಇರುವುದಿಲ್ಲ. ಹಾಗೇ, ಮೇಲೆ ಒಂದು ಅಂಗುಲ ಒದ್ದೆಯಾಗಿ ಕೆಳಗೆ ಒಣಗಿರುವ ಹೊಲದಲ್ಲೂ ಬೇಡ. ಕಾಳು ಬೇಗ ಹುಟ್ಟಿ ಬೇರು ಕೆಳಗಿಳಿದಾಗ ಅಲ್ಲಿ ಏನೂ ಇರುವುದಿಲ್ಲ. ಬಿತ್ತುವ ಮೊದಲು ಗುದ್ದಲಿಯಲ್ಲಿ ಒಂದು ಗೇಣು ಕೆದಕಿ, ತಳದ ಮಣ್ಣು ಕೈಯಲ್ಲಿ ಉಂಡೆ ಕಟ್ಟುತ್ತದಾ ನೋಡಿ. ಕಟ್ಟಿದರೆ ನೆನೆಸಿದ್ದು ಸಾರ್ಥಕ. ಇನ್ನು ಮಣ್ಣು ಚೆನ್ನಾಗಿ ನೆನೆದು ಜಡಿಮಳೆ ಹಿಡಿದಿದೆ ಅನ್ನಿ, ಆಗ ನೆನೆಸಿದ್ದಕ್ಕೂ ನೆನೆಸದ್ದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇದು ಕೆಲಸಕ್ಕೆ ಬರುವುದು ಅವೆರಡರ ನಡುವೆ. ತಳದಲ್ಲಿ ತೇವ ಇದೆ, ಮೇಲೆ ಆರುತ್ತಿದೆ, ಮುಂದಿನ ಮಳೆ ಯಾವಾಗಲೋ ಗೊತ್ತಿಲ್ಲ. ಅರಸೀಕೆರೆ-ಕಡೂರಿನ ಜುಲೈ ತಿಂಗಳು ಅಂದರೆ ಇದೇ ಅಲ್ವಾ?

ನೆನೆಸಿದ್ದರಿಂದ ಸಿಗುವುದು ಒಂದೆರಡು ದಿನ. ಅಷ್ಟಕ್ಕೆ ಇಷ್ಟು ರಗಳೆ ಯಾಕೆ ಅನ್ನಬಹುದು. ನಮ್ಮ ಕೆಂಪು ಮಣ್ಣಿನ ಇನ್ನೊಂದು ಗುಣ ನೋಡಿ. ಬಿತ್ತಿದ ಮೇಲೆ ಒಂದು ಜೋರು ಮಳೆ ಹೊಡೆದು ಮರುದಿನ ಬಿಸಿಲು ಕಾಯ್ದರೆ ಮೇಲ್ಮಣ್ಣು ಹೆಂಚಿನ ಹಾಗೆ ಗಟ್ಟಿ ಪದರ ಕಟ್ಟುತ್ತದೆ. ಅಡಿಯಲ್ಲಿ ರಾಗಿ ಮೊಳೆತು ಬಾಗಿ, ಸುರುಳಿ ಸುತ್ತಿ, ಮೇಲೆ ಬರಲಾಗದೆ ಹಳದಿಯಾಗಿ ಸಾಯುತ್ತದೆ. ಪದರವನ್ನು ಎತ್ತಿ ನೋಡಿದವರಿಗೆ ಅದರ ಸಂಕಟ ಗೊತ್ತು. ಪದರ ಗಟ್ಟಿಯಾಗುವ ಮೊದಲೇ ಮೊಳಕೆ ತಲೆ ಎತ್ತಿತೋ, ಬಚಾವ್. ಒಂದು ದಿನ ಅನ್ನುವುದು ಇಲ್ಲಿ ಸಣ್ಣದಲ್ಲ.

ಕಳೆಯ ಲೆಕ್ಕವೂ ಹಾಗೇ. ರಾಗಿ ಮೊದಲ ಮೂರು ವಾರ ಬಹಳ ನಿಧಾನ, ಕಳೆಗೆ ಅಷ್ಟು ಸಾಕು. ರಾಗಿ ಮೊದಲು ಹುಟ್ಟಿ ಸಾಲು ಕಂಡರೆ, ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆ ಬೇಗ ಆಡಿಸಬಹುದು. ಸಾಲೇ ಕಾಣದೆ ಎಡೆಕುಂಟೆ ಹೊಡೆಯುವುದು ಹೇಗೆ? ಕಳೆ ಕೀಳುವ ಕೂಲಿ ಈಗ ಎಷ್ಟಿದೆ ಅಂತ ನಾನು ಹೇಳಬೇಕಾಗಿಲ್ಲ, ಕೂಲಿ ಕೊಡುತ್ತೇವೆ ಅಂದರೂ ಆಳು ಸಿಗುವುದಿಲ್ಲ.

ಇನ್ನು ಕೊಯ್ಲು. ಹಿಂದೆ ಕುಡುಗೋಲಲ್ಲಿ ಕೊಯ್ಯುವಾಗ ಮೊದಲು ಬಲಿತ ತೆನೆ ಒಂದು ಸಲ, ಹಿಂದುಳಿದದ್ದು ಆಮೇಲೆ ಅಂತ ಮಾಡಬಹುದಿತ್ತು. ಈಗ ಕಟಾವು ಯಂತ್ರ ಬರುವುದು ಒಂದೇ ಸಲ. ಅವತ್ತು ಅರ್ಧ ತೆನೆ ಹಸಿ ಇದ್ದರೆ ಹಸಿಯಾಗಿಯೇ ಚೀಲ ಸೇರುತ್ತದೆ, ಖರೀದಿ ಕೇಂದ್ರದಲ್ಲಿ ತೇವಾಂಶ ಜಾಸ್ತಿ ಅಂತ ವಾಪಸ್ ಕಳಿಸುತ್ತಾರೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ಆ ಬೆಲೆ ಕೈಗೆ ಸಿಗಬೇಕಾದರೆ ಕಾಳು ಒಂದೇ ಸಮ ಬಲಿತಿರಬೇಕು. ಒಂದೇ ಸಮ ಬಲಿಯಬೇಕಾದರೆ ಒಂದೇ ಸಮ ಹುಟ್ಟಿರಬೇಕು. ಇಳುವರಿಗಿಂತ ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ.

ಹಾಗಂತ ಇದನ್ನು ಬರಕ್ಕೆ ಔಷಧಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದ 2023ರಲ್ಲೇ ನಮ್ಮ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಆ ವರ್ಷ ಚೆನ್ನಾಗಿ ಹುಟ್ಟಿದ ರಾಗಿಯೂ ತೆನೆ ಕಟ್ಟುವಾಗ ಒಣಗಿತು. ಮೊದಲ ವಾರದ ಗಂಡಾಂತರ ದಾಟಿಸುವುದಷ್ಟೇ ನೆನೆಸುವುದರ ಕೆಲಸ. ಆಮೇಲಿನದು ಮಳೆ, ಮಣ್ಣು, ಗೊಬ್ಬರ, ತಳಿ.

ತಳಿ ಅಂದಾಗ ನೆನಪಾಯಿತು. ಬಿತ್ತನೆ ತಡವಾದಾಗ ನೆನೆಸಿದ್ದೇವಲ್ಲ ಅಂತ ಎಂಆರ್-6ರಂಥ 120 ದಿನ ದಾಟುವ ತಳಿಯನ್ನು ಆಗಸ್ಟ್ ಮಧ್ಯದಲ್ಲಿ ಹಾಕಲು ಹೋಗಬೇಡಿ. ಅದು ಹೂ ಬಿಟ್ಟು ಕಾಳು ತುಂಬುವ ಹೊತ್ತಿಗೆ ಹಿಂಗಾರು ಮಳೆ ಹಿಂದೆ ಸರಿದಿರುತ್ತದೆ. ಜಿಪಿಯು-28 ಜುಲೈ ತಿಂಗಳಿಗೆ ನಮ್ಮ ಕಡೆ ಹೊಂದಿಕೊಂಡುಬಿಟ್ಟಿದೆ, 110-115 ದಿನ, ಬೆಂಕಿ ರೋಗವನ್ನೂ ತಡೆಯುತ್ತದೆ. ಇನ್ನೂ ತಡವಾದರೆ ನೂರು ದಿನದೊಳಗೆ ಬರುವ ಜಿಪಿಯು-48 ಥರದ್ದು. ನೆನೆಸುವುದರಿಂದ ಒಂದೆರಡು ದಿನ ಮುಂದೆ ಬರಬಹುದೇ ಹೊರತು ಇಪ್ಪತ್ತು ದಿನದ ವ್ಯತ್ಯಾಸ ಮುಚ್ಚುವುದಿಲ್ಲ.

ಮೆಕ್ಕೆಜೋಳ ಹಾಕುವವರಿಗೆ ಬೇರೆ ಮಾತು ಹೇಳಬೇಕು. ಅಂಗಡಿಯಲ್ಲಿ ಸಿಗುವ ಹೈಬ್ರಿಡ್ ಬೀಜ ಕೆಂಪು, ಗುಲಾಬಿ, ನೀಲಿ ಬಣ್ಣ ಹಚ್ಚಿಕೊಂಡೇ ಬರುತ್ತದೆ. ಅದು ಬರೀ ಬಣ್ಣವಲ್ಲ, ಶಿಲೀಂಧ್ರನಾಶಕ ಇರುತ್ತದೆ, ಎಷ್ಟೋ ಸಲ ಕೀಟನಾಶಕವೂ ಇರುತ್ತದೆ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಫಾಲ್ ಆರ್ಮಿವರ್ಮ್ ಹುಳು ದೇಶಕ್ಕೆಲ್ಲ ಹಬ್ಬಿದ ಮೇಲಂತೂ ಉಪಚಾರ ಮಾಡಿದ ಬೀಜಕ್ಕೇ ಬೇಡಿಕೆ. ಅದನ್ನು ನೆನೆಸಿದರೆ ದುಡ್ಡು ಕೊಟ್ಟು ತಂದ ಮದ್ದು ನೀರಿಗೆ ಹೋಗುತ್ತದೆ, ಆ ನೀರು ವಿಷವಾಗುತ್ತದೆ. ಹಟ್ಟಿಯ ಬಕೆಟ್‌ನಲ್ಲಿ ನೆನೆಸಿ, ನೀರನ್ನು ಅಂಗಳಕ್ಕೆ ಚೆಲ್ಲಿ, ಅದನ್ನು ಕೋಳಿ ಕುಡಿದು... ಬೇಡವೇ ಬೇಡ. ಬಣ್ಣದ ಬೀಜ ನೆನೆಸಬೇಡಿ. ಬಣ್ಣ ಹಚ್ಚದ ಬೀಜ ಇದ್ದರೆ ಮಾತ್ರ ಈ ಪ್ರಯೋಗ. ರಾತ್ರಿಯೆಲ್ಲ ನೆನೆಯಲಿ, 12ರಿಂದ 18 ಗಂಟೆ ಮೆಕ್ಕೆಜೋಳಕ್ಕೆ ಏನೂ ಆಗುವುದಿಲ್ಲ.

ಮೆಕ್ಕೆಜೋಳದಲ್ಲಿ ನನ್ನ ಗಮನ ಸೆಳೆದಿದ್ದು ಸತುವಿನ, ಅಂದರೆ ಜಿಂಕ್‌ನ ವಿಷಯ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯಲ್ಲಿ, ಒಣಬೇಸಾಯದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ರಾಜ್ಯದ ಮಣ್ಣು ಪರೀಕ್ಷೆ ಮಾಡಿಸಿದಾಗ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕ ಕಮ್ಮಿ ಇರುವುದು ಎಲ್ಲ ಕಡೆ ಕಂಡುಬಂತು. ಸತುವಿನ ಸಲ್ಫೇಟ್ ಮಣ್ಣಿಗೆ ಹಾಕಬೇಕಾದರೆ ಎಕರೆಗೆ ಕೆಜಿಗಟ್ಟಲೆ ಬೇಕು. ಹ್ಯಾರಿಸ್ ಮತ್ತು ಪಾಕಿಸ್ತಾನದ ವಿಜ್ಞಾನಿಗಳು ಮೆಕ್ಕೆಜೋಳದ ಬೀಜವನ್ನು ಶೇ 1ರ ಸತುವಿನ ಸಲ್ಫೇಟ್ ನೀರಲ್ಲಿ 16 ಗಂಟೆ ನೆನೆಸಿ ಬಿತ್ತಿ ನೋಡಿದರು, ಇಳುವರಿ ಏರಿತು ಅಂತ 2007ರಲ್ಲಿ ಪ್ರಕಟಿಸಿದರು. ಒಂದು ಲೀಟರಿಗೆ 10 ಗ್ರಾಂ. ಸ್ವಲ್ಪ ದುಡ್ಡಿನ ಮಾತಷ್ಟೇ ಅಂತ ಎರಡು ಹಿಡಿ ಜಾಸ್ತಿ ಹಾಕುವ ಚಪಲ ನಮ್ಮವರಿಗೆ. ಹಾಗೆ ಮಾಡಬೇಡಿ, ಉಪ್ಪು ಗಟ್ಟಿಯಾದಷ್ಟೂ ಮೊಳಕೆ ಸುಟ್ಟುಹೋಗುತ್ತದೆ. ತಕ್ಕಡಿಯಲ್ಲಿ ತೂಗಿ ಹಾಕಿ. ರಾಗಿಗೆ ಇದೇ ಪ್ರಮಾಣ ಹಾಕಲು ಹೋಗಬೇಡಿ, ಸಣ್ಣ ಕಾಳು, ಬರೀ ನೀರೇ ಸಾಕು.

ರಾಗಿಯ ನಡುವೆ ಮಿಶ್ರ ಬೆಳೆಯಾಗಿ ಹಾಕುವ ಅಕ್ಕಡಿ ಸಾಲಿನ ಅವರೆ, ತೊಗರಿಯನ್ನೂ ಜೊತೆಯಲ್ಲೇ ನೆನೆಸಬಹುದಾ ಅಂತ ಪಕ್ಕದ ಹೊಲದ ಅಣ್ಣ ಕೇಳಿದರು. ದ್ವಿದಳದ್ದು ಬೇರೆ ಸ್ವಭಾವ. ರಾಗಿಯ ಗಂಟಿನ ಜೊತೆ ಅದೇ ಬಕೆಟ್‌ಗೆ ಹಾಕಿ ಬೆಳಗಿನ ತನಕ ಬಿಟ್ಟರೆ ಅವರೆ ಊದಿ ಸಿಪ್ಪೆ ಸುಲಿಯುತ್ತದೆ, ಬಿತ್ತುವಾಗ ಬೇಳೆ ಒಡೆಯುತ್ತದೆ. ಬೇಕಾದರೆ ಬೇರೆ ಪಾತ್ರೆಯಲ್ಲಿ ಕಮ್ಮಿ ಹೊತ್ತು ನೆನೆಸಿ, ಕೂರಿಗೆ ಹಿಂದೆ ಸಡ್ಡೆಯಲ್ಲಿ, ಅಂದರೆ ಅಕ್ಕಡಿ ಕಾಳಿನ ಕೊಳವೆಯಲ್ಲಿ, ಒಂದೊಂದೇ ಬಿಡುವವರಿಗೆ ಮೆಲ್ಲಗೆ ಬಿಡಿ ಅಂತ ಹೇಳಿ. ನಾವು ಅಕ್ಕಡಿ ಕಾಳನ್ನು ಒಣಗಿದ್ದನ್ನೇ ಹಾಕುತ್ತೇವೆ. ಅವರೆ ಕಾಳು ದಪ್ಪ, ಸ್ವಲ್ಪ ಆಳಕ್ಕೆ ಬೀಳುತ್ತದೆ, ಅಲ್ಲಿ ತೇವ ಇರುತ್ತದೆ.

ಇಳುವರಿ ಎಷ್ಟು ಜಾಸ್ತಿ ಬರುತ್ತದೆ ಅಂತ ಎಲ್ಲರೂ ಕೊನೆಗೆ ಕೇಳುತ್ತಾರೆ. ಅದು ವರ್ಷದಿಂದ ವರ್ಷಕ್ಕೆ, ಹೊಲದಿಂದ ಹೊಲಕ್ಕೆ ಬೇರೆ. ನೀವೇ ನೋಡಬೇಕಾದರೆ ಹೊಲದ ನಡುವೆ ನಾಲ್ಕು ಸಾಲು ಒಣ ಬೀಜ ಬಿತ್ತಿ, ಎರಡೂ ತುದಿಗೆ ಗೂಟ ನೆಡಿ. ಇದಕ್ಕೆ ಬದುವಿನ ಪಕ್ಕದ ಸಾಲು ಆರಿಸಬೇಡಿ, ಅಲ್ಲಿ ಮರದ ನೆರಳು, ದನದ ಕಾಟ ಇರುತ್ತದೆ, ಲೆಕ್ಕ ಸಿಗುವುದಿಲ್ಲ. ಹುಟ್ಟುವಾಗ ಒಂದು ಫೋಟೋ, ತೆನೆ ಬರುವಾಗ ಒಂದು ಫೋಟೋ. ಕೊಯ್ಲಿನಲ್ಲಿ ಆ ನಾಲ್ಕು ಸಾಲನ್ನೂ ಪಕ್ಕದ ನಾಲ್ಕು ಸಾಲನ್ನೂ ಬೇರೆ ಬೇರೆ ಕಟ್ಟಿ, ಬಡಿದು ತೂಗಿ. ಯಂತ್ರದವರು ಬರುವ ಮುಂಚೆ ಕೈಯಲ್ಲಿ ಕೊಯ್ದುಕೊಳ್ಳಿ, ಅವರು ನಿಮ್ಮ ಗೂಟಕ್ಕೆಲ್ಲ ಕಾಯುವುದಿಲ್ಲ.